ಗೋಕಾವಿ ಸೀಮೆಯಲ್ಲಿ ಪರಸ್ಥಳದ ಶಿಕ್ಷಕರು

ಶಾಲೆಯೊಂದರ ಚರಿತ್ರೆಯನ್ನು ಬರೆಯುವವರು ಕಟ್ಟಡ ಎದ್ದ ವರ್ಷ, ದಾನಿಗಳ ಹೆಸರು, ಮಕ್ಕಳ ಸಂಖ್ಯೆ, ಮುಖ್ಯಾಧ್ಯಾಪಕರ ಪಟ್ಟಿ ಇವುಗಳನ್ನು ತಪ್ಪದೆ ಕೊಡುತ್ತಾರೆ. ಆದರೆ ಆ ಪಟ್ಟಿಯಲ್ಲಿ ದೂರದ ಸೀಮೆಯಿಂದ ಬಂದವರು ಇದ್ದರೆ ಅವರಿಗೆ ಊರಿನಲ್ಲಿ ಮನೆ ಹೇಗೆ ಸಿಕ್ಕಿತು, ಮೊದಲ ತಿಂಗಳುಗಳಲ್ಲಿ ಅವರು ಎಲ್ಲಿ ಉಂಡರು, ಮಕ್ಕಳ ಮಾತು ಅವರಿಗೂ ಅವರ ಮಾತು ಮಕ್ಕಳಿಗೂ ಯಾವಾಗ ತಿಳಿಯತೊಡಗಿತು ಎಂಬ ಸಂಗತಿಗಳು ಯಾವ ದಾಖಲೆಗೂ ಸೇರುವುದಿಲ್ಲ. ಇವೆಲ್ಲ ಶಿಕ್ಷಕರ ಸ್ವಂತ ಸಂಸಾರದ ವಿಷಯಗಳು, ಶಾಲೆಗೆ ಸಂಬಂಧಿಸಿದವಲ್ಲ ಎಂಬ ಎಣಿಕೆಯೇ ಇದಕ್ಕೆ ಕಾರಣ. ಗೋಕಾವಿ ಸೀಮೆಯ, ಅಂದರೆ ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳ, ಶಾಲೆಗಳನ್ನು ಹತ್ತಿರದಿಂದ ನೋಡಿದಾಗ ಈ ಎಣಿಕೆ ನಿಲ್ಲುವುದಿಲ್ಲ. ಶಿಕ್ಷಕನು ಊರಿನಲ್ಲಿ ಬೇರೂರುವ ಬಗೆಗೂ ಅವನ ತರಗತಿಯಲ್ಲಿ ನಡೆಯುವ ಕಲಿಕೆಗೂ ನೇರವಾದ ಸಂಬಂಧವಿದೆ. ಆದ್ದರಿಂದ ಅವನನ್ನು ಊರಿನವನನ್ನಾಗಿ ಮಾಡಿಕೊಳ್ಳುವುದು ಶಾಲೆಯ ಕೆಲಸದ ಒಂದು ಅಂಗವೇ ಆಗಿದೆ ಎಂಬುದು ಇಲ್ಲಿಯ ಪ್ರತಿಪಾದನೆ.

ಪರಸ್ಥಳದ ಶಿಕ್ಷಕರೆಂದರೆ ಇಲ್ಲಿ ಬೇರೆ ಜಿಲ್ಲೆಯಿಂದ, ಅದರಲ್ಲಿಯೂ ತೆಂಕಣ ಕರ್ನಾಟಕದ ಜಿಲ್ಲೆಗಳಿಂದ, ನೇಮಕಗೊಂಡು ಬಂದವರು ಎಂದು ಅರ್ಥ. ಸರ್ಕಾರಿ ಪ್ರಾಥಮಿಕ ಶಾಲಾ ಶಿಕ್ಷಕರ ಜ್ಯೇಷ್ಠತೆಯನ್ನು ಜಿಲ್ಲೆಯ ಘಟಕದಲ್ಲಿಯೂ ಪ್ರೌಢಶಾಲಾ ಶಿಕ್ಷಕರ ಜ್ಯೇಷ್ಠತೆಯನ್ನು ವಿಭಾಗದ ಘಟಕದಲ್ಲಿಯೂ ಎಣಿಸಲಾಗುತ್ತದೆ. ಹೀಗಾಗಿ ತುಮಕೂರಿನ ಅಥವಾ ಹಾಸನದ ಅಭ್ಯರ್ಥಿಯೊಬ್ಬನು ತನ್ನ ಜಿಲ್ಲೆಯಲ್ಲಿ ಸ್ಥಾನಗಳು ಕಡಿಮೆಯೆಂದು ಬೆಳಗಾವಿಗೆ ಅರ್ಜಿ ಹಾಕಿ ಆಯ್ಕೆಯಾದರೆ, ಘಟಕವನ್ನು ದಾಟಿ ಮರಳಿ ಹೋಗುವುದು ಅವನಿಗೆ ಅಷ್ಟು ಸುಲಭವಾಗುವುದಿಲ್ಲ. ಬೆಳಗಾವಿ ಕಂದಾಯದ ದೃಷ್ಟಿಯಿಂದ ಒಂದೇ ಜಿಲ್ಲೆಯಾದರೂ ಶಾಲೆಗಳ ಆಡಳಿತಕ್ಕಾಗಿ ಬೆಳಗಾವಿ ಮತ್ತು ಚಿಕ್ಕೋಡಿ ಎಂಬ ಎರಡು ಶೈಕ್ಷಣಿಕ ಜಿಲ್ಲೆಗಳಾಗಿದ್ದು, ಈ ಮೂರೂ ತಾಲೂಕುಗಳು ಚಿಕ್ಕೋಡಿಯ ಪಾಲಿಗೆ ಬಂದಿವೆ. ಮೂಡಲಗಿಯು ಇತ್ತೀಚಿನ ವರ್ಷಗಳಲ್ಲಿ ಗೋಕಾಕದಿಂದ ಬೇರೆಯಾಗಿ ತಾಲೂಕಾಯಿತು. ಆದರೆ ಅದಕ್ಕೂ ಮೊದಲೇ ಅದು ಪ್ರತ್ಯೇಕ ಶೈಕ್ಷಣಿಕ ವಲಯವಾಗಿತ್ತು ಎಂಬುದು ಶಿಕ್ಷಕರ ವಲಯದಲ್ಲಿ ಎಲ್ಲರಿಗೂ ಗೊತ್ತಿರುವ ಮಾತು.

ಹೊರಗಿನಿಂದ ಬಂದ ಶಿಕ್ಷಕರು ಈ ಸೀಮೆಗೆ ಹೊಸಬರಲ್ಲ. 1820ರಲ್ಲಿ ಲಂಡನ್ ಮಿಶನ್ ಸಂಸ್ಥೆಯವರು ಬೆಳಗಾವಿಯಲ್ಲಿ ತಮ್ಮ ಕೇಂದ್ರವನ್ನು ತೆರೆದರು; ಜೋಸೆಫ್ ಟೇಲರ್ ಮತ್ತು ಅವರ ತರುವಾಯ ಬಂದ ವಿಲಿಯಂ ಬೇನನ್ ಇಲ್ಲಿಯ ಭಾಷೆಗಳನ್ನು ಕಲಿತು ಶಾಲೆಗಳನ್ನು ನಡೆಸಿದರು, ಬೇನನ್ನರ ಹೆಸರು ಬೆಳಗಾವಿಯ ಬೇನನ್ ಸ್ಮಿತ್ ಪ್ರೌಢಶಾಲೆಯಲ್ಲಿ ಇಂದಿಗೂ ಉಳಿದಿದೆ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಈ ಭಾಗವು ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ ಮನೆಯಲ್ಲಿ ಕನ್ನಡ ಮಾತಾಡುವ ಮಕ್ಕಳು ಶಾಲೆಯಲ್ಲಿ ಮರಾಠಿಯನ್ನೇ ಕಲಿಯಬೇಕಾದ ಪರಿಸ್ಥಿತಿ ಹಲವು ಊರುಗಳಲ್ಲಿತ್ತು. ಶಿಕ್ಷಣ ಇಲಾಖೆಯ ಡೆಪ್ಯುಟಿ ಇನ್‌ಸ್ಪೆಕ್ಟರ್ ಆಗಿದ್ದು, ಆ ಹುದ್ದೆಯಿಂದಲೇ ಡೆಪ್ಯುಟಿ ಚನ್ನಬಸಪ್ಪನವರೆಂದು ಹೆಸರಾದ ಮಹನೀಯರು ಈ ಪರಿಸ್ಥಿತಿಯನ್ನು ಬದಲಿಸಲು ಊರೂರು ತಿರುಗಿ ಕನ್ನಡ ಶಾಲೆಗಳನ್ನು ತೆರೆಸಿ, ಅವುಗಳಿಗೆ ಬೇಕಾದ ಶಿಕ್ಷಕರನ್ನು ತರಬೇತಿಗೊಳಿಸಿ ಕಳುಹಿಸಿದರು. ತರಬೇತಿ ಪಡೆದ ಶಿಕ್ಷಕರು ತಮ್ಮ ತಮ್ಮ ಊರುಗಳಲ್ಲಿಯೇ ಕುಳಿತುಕೊಂಡಿದ್ದರೆ ಆ ಕೆಲಸ ಆಗುತ್ತಿರಲಿಲ್ಲ. ಗಡಿಸೀಮೆಯ ಕನ್ನಡ ಶಾಲೆಗಳು ನಿಂತದ್ದು ಗುರುತಿಲ್ಲದ ಊರಿಗೆ ಹೋಗಿ ಇರಲು ಒಪ್ಪಿದವರ ಬಲದ ಮೇಲೆ. ಈ ಋಣವನ್ನು ಕನ್ನಡದ ಹೋರಾಟದ ಚರಿತ್ರೆ ಸಾಕಷ್ಟು ನೆನೆದಿಲ್ಲವೆಂದೇ ಹೇಳಬೇಕು.

ಇಪ್ಪತ್ತನೆಯ ಶತಮಾನದಲ್ಲಿ ಎರಡು ಹೆಸರುಗಳು ಎದ್ದು ಕಾಣುತ್ತವೆ. ಬೀಳಗಿಯಲ್ಲಿ ಹುಟ್ಟಿದ ಕಾದಂಬರಿಕಾರ ಕೃಷ್ಣಮೂರ್ತಿ ಪುರಾಣಿಕರು ಗೋಕಾಕದಲ್ಲಿ ಪ್ರೌಢಶಾಲಾ ಶಿಕ್ಷಕರಾಗಿದ್ದರು. ಅವರನ್ನು ಓದುಗರು ಗೋಕಾಕದವರೆಂದೇ ತಿಳಿಯುವಷ್ಟು ಅವರು ಊರಿನವರಾದರು. ಎರಡನೆಯವರು ಎ. ಕೆ. ರಾಮಾನುಜನ್. ಮೈಸೂರಿನಲ್ಲಿ 1929ರಲ್ಲಿ ಹುಟ್ಟಿ, ತಮಿಳು ಮನೆಮಾತಿನ ಕುಟುಂಬದಲ್ಲಿ ಬೆಳೆದ ಅವರು 1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದರು. ಮೈಸೂರಿನ ಕನ್ನಡವನ್ನು ಕೇಳಿ ಬೆಳೆದವರಿಗೆ ಬೆಳಗಾವಿಯ ಕನ್ನಡ ಮೊದಮೊದಲು ತೊಡಕೆನಿಸುವುದು ಸಹಜ. ಆದರೆ ರಾಮಾನುಜನ್ನರು ಆ ಮಾತಿಗೆ ಕಿವಿಗೊಟ್ಟು, ಗಾದೆಗಳನ್ನು ಕೂಡಿಸಿ, ಕಿತ್ತೂರಿನಂತಹ ಊರುಗಳಲ್ಲಿ ಹೆಣ್ಣುಮಕ್ಕಳ ಬಾಯಿಂದ ಕಥೆಗಳನ್ನು ಕೇಳಿ ಬರೆದುಕೊಂಡರು. ಅವರ ಗಾದೆಗಳ ಪುಸ್ತಕ 1955ರಲ್ಲಿ ಧಾರವಾಡದಿಂದ ಪ್ರಕಟವಾಯಿತು, ಮುಂದೆ ಷಿಕಾಗೋ ವಿಶ್ವವಿದ್ಯಾಲಯದಲ್ಲಿದ್ದುಕೊಂಡು ಅವರು ಭಾರತದ ಜನಪದ ಕಥೆಗಳ ಬಗೆಗೆ ನಡೆಸಿದ ವಿಚಾರಗಳಿಗೆ ಈ ಸೀಮೆಯ ಕಥೆಗಳೂ ಆಧಾರವಾದವು. ಅಧ್ಯಾಪಕನು ಊರಿಗೆ ಕೊಡುವುದಕ್ಕಷ್ಟೇ ಬಂದವನೆಂಬ ಸಾಮಾನ್ಯ ತಿಳಿವಳಿಕೆ ಎಷ್ಟು ಅರೆಬರೆಯಾದುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ಇನ್ನು ಇಂದಿನ ದಿನಮಾನಕ್ಕೆ ಬಂದರೆ, ಹೊಸದಾಗಿ ಬಂದ ಶಿಕ್ಷಕನ ಮೊದಲ ಕೆಲಸ ಬಾಡಿಗೆಯ ಮನೆಯನ್ನು ಹುಡುಕುವುದು. ಗೋಕಾಕ ಜಲಪಾತದ ಬಳಿಯ ಹತ್ತಿ ಗಿರಣಿಯು 1887ರಿಂದ ನೀರಿನ ಬಲದ ಮೇಲೆ ನಡೆಯತೊಡಗಿದಾಗ ಹೊರಗಿನಿಂದ ಬಂದ ಕೆಲಸಗಾರರಿಗೆ ಗಿರಣಿಯ ವಸತಿಗಳು ದೊರೆತವು. ಶಿಕ್ಷಕನಿಗೆ ಅಂತಹ ಆಸರೆ ಇಲ್ಲ, ಅವನು ಊರಿನ ಮನೆಗಳಲ್ಲಿಯೇ ಜಾಗ ಕೇಳಬೇಕು. ಮನೆಯ ಯಜಮಾನರು ಮೊದಲು ಕೇಳುವುದು ಶಿಕ್ಷಕನ ಊರನ್ನು, ಆಮೇಲೆ ಊಟದ ಪದ್ಧತಿಯನ್ನು, ಅದರ ಮರೆಯಲ್ಲಿ ಜಾತಿಯನ್ನು. ಈ ಪ್ರಶ್ನೆಗೆ ಯಜಮಾನರ ಮನಸ್ಸಿಗೆ ಒಪ್ಪುವ ಉತ್ತರ ಕೊಡಲಾಗದವರು ಪಟ್ಟಣದ ಹೊರಬಡಾವಣೆಗೆ ಹೋಗಬೇಕಾಗುತ್ತದೆ, ಇಲ್ಲವೇ ಹತ್ತಾರು ಕಿಲೋಮೀಟರು ದೂರದಿಂದ ಬಸ್ಸಿನಲ್ಲಿ ದಿನವೂ ಓಡಾಡಬೇಕಾಗುತ್ತದೆ. ಸಮಾನತೆಯ ಪಾಠವನ್ನು ಹೇಳಬೇಕಾದ ವ್ಯಕ್ತಿಗೆ ಪಾಠ ಹೇಳುವ ಊರಿನಲ್ಲಿಯೇ ಹೀಗಾಗುವುದು ನೋವಿನ ಸಂಗತಿ, ಇದನ್ನು ರೂಢಿಯೆಂದು ಹೇಳಿ ತೇಲಿಸಿಬಿಡುವುದು ಸರಿಯಲ್ಲ. ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಮಕ್ಕಳ ಪಾಲಕರೇ ಸದಸ್ಯರಾಗಿರುವ ಶಾಲಾ ಸಮಿತಿ, ನಡುವೆ ನಿಂತು ಮಾತಾಡಿದ ಊರುಗಳಲ್ಲಿ ಈ ಕಷ್ಟ ಬೇಗನೆ ಬಗೆಹರಿಯುತ್ತದೆ.

ಮನೆ ಸಿಕ್ಕ ಮೇಲೆ ಹುಕ್ಕೇರಿಯ ಹಳ್ಳಿಯಲ್ಲಿ ನೆಲೆಸುವ ಶಿಕ್ಷಕನಿಗೆ ಬೇರೆಲ್ಲಿಯೂ ಕಾಣದ ಒಂದು ವ್ಯವಸ್ಥೆ ಎದುರಾಗುತ್ತದೆ. ಕರ್ನಾಟಕದ ಉಳಿದ ಕಡೆಗಳಲ್ಲಿ ಮನೆಗೆ ವಿದ್ಯುತ್ ಒದಗಿಸುವುದು ಸರ್ಕಾರದ ಒಡೆತನದ ಕಂಪನಿಗಳು. ಗೋಕಾಕ ಮತ್ತು ಮೂಡಲಗಿಗಳಲ್ಲಿಯೂ ಹುಬ್ಬಳ್ಳಿಯ ಕಂಪನಿಯೇ, ಜನರ ಬಾಯಲ್ಲಿ ಹೆಸ್ಕಾಂ, ಈ ಕೆಲಸ ಮಾಡುತ್ತದೆ. ಹುಕ್ಕೇರಿಯಲ್ಲಿ ಮಾತ್ರ 1969ರಲ್ಲಿ ಸ್ಥಾಪನೆಯಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ವಿದ್ಯುತ್ತನ್ನು ಕೊಂಡು ತನ್ನ ತಂತಿಗಳ ಮೂಲಕ ಮನೆಮನೆಗೆ, ಹೊಲದ ಪಂಪುಗಳಿಗೆ ಹಂಚುತ್ತದೆ, ಬಳಕೆದಾರರು ಅದರ ಸದಸ್ಯರೂ ಆಗಿರುತ್ತಾರೆ, ಅದರ ಆಡಳಿತ ಮಂಡಳಿಗೆ ಚುನಾವಣೆ ನಡೆಯುತ್ತದೆ. ಕರೆಂಟ್ ಬಿಲ್ಲಿನ ಮೇಲೆ ಸಹಕಾರಿ ಸಂಘದ ಹೆಸರನ್ನು ಕಂಡ ಸಮಾಜ ವಿಜ್ಞಾನದ ಶಿಕ್ಷಕನಿಗೆ ಸಹಕಾರ ತತ್ತ್ವದ ಪಾಠಕ್ಕೆ ಬೇರೆ ಉದಾಹರಣೆ ಹುಡುಕುವ ಕಾರಣವೇ ಇಲ್ಲ. ಆ ಬಿಲ್ಲನ್ನೇ ತರಗತಿಗೆ ಒಯ್ದು ಓದಿಸಬಹುದು.

ಊಟದ ವಿಷಯ ಇದಕ್ಕಿಂತ ನಿಧಾನವಾಗಿ ಇತ್ಯರ್ಥವಾಗುತ್ತದೆ. ರಾಗಿ ಮುದ್ದೆಗೆ ಅಥವಾ ಮೂರು ಹೊತ್ತೂ ಅನ್ನಕ್ಕೆ ಒಗ್ಗಿದವರು ಮೊದಲು ಆಶ್ರಯಿಸುವುದು ಖಾನಾವಳಿಯನ್ನು. ಖಾನಾವಳಿಯೆಂದರೆ ಮನೆಯ ಊಟದ ಕ್ರಮದಲ್ಲಿ ರೊಟ್ಟಿಯ ಊಟವನ್ನು ಬಡಿಸುವ, ಬಹುಮಟ್ಟಿಗೆ ಒಂದೇ ಕುಟುಂಬದವರು ನಡೆಸುವ ಊಟದ ಮನೆ. ತಿಂಗಳ ಲೆಕ್ಕದಲ್ಲಿ ಉಣ್ಣುವ ಪದ್ಧತಿಯೂ ಅಲ್ಲಿ ಉಂಟು. ತಾಟಿನಲ್ಲಿ ಬಿಸಿ ಜೋಳದ ರೊಟ್ಟಿ, ಒಂದು ಕಾಳುಪಲ್ಯ, ಒಂದು ಬದನೆಕಾಯಿಯದೋ ಸೊಪ್ಪಿನದೋ ಪಲ್ಯ, ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ, ಮೊಸರು ಬಂದು, ಅನ್ನ ಸಾರು ಕೊನೆಗೆ ಸ್ವಲ್ಪವೇ ಬರುತ್ತದೆ. ಸ್ವಂತ ಅಡುಗೆ ಹೂಡಿದವರು ರೊಟ್ಟಿ ಬಡಿಯಲು ಹೋದಾಗ ಅದು ಅಂಚಿನಲ್ಲಿ ಸೀಳುತ್ತದೆ, ಎತ್ತಿದರೆ ಮುರಿಯುತ್ತದೆ. ಜೋಳದ ಹಿಟ್ಟಿಗೆ ಗೋದಿಯ ಹಿಟ್ಟಿನ ಜಿಗುಟು ಇರುವುದಿಲ್ಲವಾದ್ದರಿಂದ, ಕುದಿಯುವ ಎಸರನ್ನು ಹಿಟ್ಟಿಗೆ ಹಾಕಿ ಬಿಸಿ ಆರುವ ಮೊದಲೇ ಚೆನ್ನಾಗಿ ನಾದಿ, ಒಣಹಿಟ್ಟಿನ ಮೇಲೆ ಅಂಗೈಯಿಂದ ತಿರುವುತ್ತ ಬಡಿದು, ಹಂಚಿಗೆ ಹಾಕಿದ ಕೂಡಲೆ ಮೇಲ್ಮೈಗೆ ನೀರು ಸವರಬೇಕು. ಆ ನೀರು ಆರುವ ಹೊತ್ತಿಗೆ ಸರಿಯಾಗಿ ಮಗುಚಿದರೆ ಮಾತ್ರ ರೊಟ್ಟಿ ಉಬ್ಬುತ್ತದೆ. ಇದು ಪುಸ್ತಕದಿಂದ ಬರುವ ವಿದ್ಯೆಯಲ್ಲ, ನೆರೆಮನೆಯ ಒಲೆಯ ಮುಂದೆ ಕುಳಿತು ಕಲಿಯಬೇಕಾದದ್ದು. ಹೊರಜಿಲ್ಲೆಯ ಶಿಕ್ಷಕಿಯರಿಗೆ ಊರಿನ ಹೆಣ್ಣುಮಕ್ಕಳೊಡನೆ ಮೊದಲ ಬಳಕೆ ಬೆಳೆಯುವುದು ಬಹಳಷ್ಟು ಸಲ ಇದೇ ದಾರಿಯಲ್ಲಿ. ಅದಕ್ಕೆ ಪ್ರತಿಯಾಗಿ ಶಿಕ್ಷಕಿಯಿಂದ ಸ್ವಸಹಾಯ ಸಂಘದ ಲೆಕ್ಕ, ಬ್ಯಾಂಕಿನ ಅರ್ಜಿ, ಹಾಸ್ಟೆಲ್ ಪ್ರವೇಶದ ಫಾರ್ಮು ಇವುಗಳಿಗೆ ನೆರವು ಕೇಳಲು ಜನ ಬರತೊಡಗುತ್ತಾರೆ. ಜನರು ಹೀಗೆ ಕೆಲಸ ಹೇಳಿಕೊಂಡು ಬರುವುದನ್ನು ಕೆಲವರು ಕಿರುಕುಳವೆಂದು ಎಣಿಸುತ್ತಾರೆ; ವಾಸ್ತವದಲ್ಲಿ ಊರು ಶಿಕ್ಷಕಿಯನ್ನು ತನ್ನವಳೆಂದು ಒಪ್ಪಿದ ಮೊದಲ ಸೂಚನೆ ಅದು.

ಮಾತಿನ ವಿಷಯದಲ್ಲಿ ಪಠ್ಯಪುಸ್ತಕದ ಕನ್ನಡ, ಶಿಕ್ಷಕನ ಸ್ವಂತ ಸೀಮೆಯ ಕನ್ನಡ, ಮಕ್ಕಳ ಮನೆಯ ಕನ್ನಡ ಎಂಬ ಮೂರು ಪದರಗಳು ಒಂದೇ ಕೋಣೆಯಲ್ಲಿ ಸೇರುತ್ತವೆ. ಹುಕ್ಕೇರಿ ತಾಲೂಕು ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಗೆ ತಾಗಿಕೊಂಡಿರುವುದರಿಂದ ಸಂಕೇಶ್ವರದ ಪೇಟೆಯಲ್ಲಿ ಮರಾಠಿಯೂ ಸಲೀಸಾಗಿ ನಡೆಯುತ್ತದೆ. ಇಲ್ಲಿ ಒಂದು ಸಂಗತಿಯನ್ನು ಸ್ವಲ್ಪ ಬಿಡಿಸಿ ನೋಡುವುದು ಯೋಗ್ಯ. ವಾರದ ಸಂತೆಯಲ್ಲಿ ಕಾಲು ಕಿಲೋಗೆ ಪಾವ, ಮುಕ್ಕಾಲಿಗೆ ಪೌಣ, ಒಂದೂವರೆಗೆ ದೀಡ, ಎರಡೂವರೆಗೆ ಅಡೀಚ ಎನ್ನುವ ಲೆಕ್ಕವಿದೆ. ಹತ್ತೂಕಾಲು ಗಂಟೆಗೆ ಸವ್ವಾ ಹತ್ತು, ಹತ್ತೂವರೆಗೆ ಸಾಡೇ ಹತ್ತು ಎನ್ನುತ್ತಾರೆ. ತೆಂಕಣದಿಂದ ಬಂದ ಗಣಿತ ಶಿಕ್ಷಕನಿಗೆ ಮೊದಲ ಸಂತೆಯಲ್ಲಿಯೇ ಇದು ಗೊಂದಲವಾಗುತ್ತದೆ. ಆದರೆ ಅವನ ಐದನೆಯ ತರಗತಿಯಲ್ಲಿ ಭಿನ್ನರಾಶಿ ಎಂದೊಡನೆ ತಲೆ ತಗ್ಗಿಸುವ ಹುಡುಗಿಯೇ ಸಂತೆಯಲ್ಲಿ ತಾಯಿಯ ಬದಿಗೆ ಕುಳಿತು ಮೆಣಸಿನಕಾಯಿ ತೂಗುವಾಗ, ಒಂದು ಕಿಲೋದ ಬೆಲೆಯಿಂದ ಅಡೀಚ ಕಿಲೋದ ಬೆಲೆಯನ್ನು ಕಾಗದವಿಲ್ಲದೆ ಹೇಳುತ್ತಾಳೆ. ಎರಡರ ಜೊತೆಗೆ ಒಂದರ ಅರ್ಧವನ್ನು ಕೂಡಿಸುವ ಈ ಲೆಕ್ಕ ಮಿಶ್ರ ಭಿನ್ನರಾಶಿಯ ಗುಣಾಕಾರವಲ್ಲದೆ ಬೇರೇನೂ ಅಲ್ಲ. ಸಂತೆಗೆ ಹೋಗುವ ಶಿಕ್ಷಕನು ಇದನ್ನು ಕಾಣುತ್ತಾನೆ, ಕಂಡು ಹಲಗೆಯ ಮೇಲೆ ಅದೇ ಲೆಕ್ಕದಿಂದ ಪಾಠವನ್ನು ಆರಂಭಿಸುತ್ತಾನೆ. ಶನಿವಾರ ಮಧ್ಯಾಹ್ನದ ಬಸ್ಸು ಹಿಡಿದು ಸೋಮವಾರ ಮರಳುವವನಿಗೆ ಆ ಹುಡುಗಿ ಗಣಿತದಲ್ಲಿ ಹಿಂದುಳಿದವಳಾಗಿಯೇ ಉಳಿಯುತ್ತಾಳೆ.

ಊರಿನ ವರ್ಷವೂ ಶಾಲೆಯ ವರ್ಷವೂ ಒಂದೇ ಅಲ್ಲವೆಂಬುದು ಮೊದಲ ಸುತ್ತು ಮುಗಿಯುವ ಹೊತ್ತಿಗೆ ತಿಳಿಯುತ್ತದೆ. ಕಾರಹುಣ್ಣಿಮೆಗೆ ಎತ್ತುಗಳ ಮೆರವಣಿಗೆ, ಮಣ್ಣೆತ್ತಿನ ಅಮಾವಾಸ್ಯೆಗೆ ಮನೆಮನೆಯಲ್ಲಿ ಮಣ್ಣಿನ ಎತ್ತುಗಳು, ಶೀಗೆ ಹುಣ್ಣಿಮೆಗೂ ಎಳ್ಳ ಅಮಾವಾಸ್ಯೆಗೂ ಹೊಲದಲ್ಲಿ ಚರಗ ಚೆಲ್ಲಿ ಊಟ. ಗೋಕಾಕದ ಗ್ರಾಮದೇವತೆ ಲಕ್ಷ್ಮೀದೇವಿಯ ಜಾತ್ರೆಯನ್ನು ಐದು ವರ್ಷಕ್ಕೊಮ್ಮೆ ನಡೆಸುವ ರೂಢಿ. ಮೂಡಲಗಿಯಲ್ಲಿ ಶಿವಬೋಧರಂಗ ಮಠದ ಉತ್ಸವ ಮತ್ತು ದನಗಳ ಪೇಟೆ. ವಿಜಯದಶಮಿಯ ಸಂಜೆ ಮಕ್ಕಳು ಹೊಸ ಅಂಗಿ ತೊಟ್ಟು, ಕೈಯಲ್ಲಿ ಬನ್ನಿಯ ಎಲೆ ಹಿಡಿದು ಶಿಕ್ಷಕರ ಮನೆಯ ಬಾಗಿಲಿಗೆ ಬರುತ್ತಾರೆ, ಎಲೆಯನ್ನು ಕೈಗಿತ್ತು ಬಂಗಾರದಂತೆ ಇರೋಣವೆಂದು ಹೇಳಿ ಕಾಲಿಗೆ ಎರಗುತ್ತಾರೆ. ಮೈಸೂರು ಸೀಮೆಯವರು ಬನ್ನಿಯ ಪೂಜೆಯನ್ನು ಬಲ್ಲರಾದರೂ ಮನೆಮನೆಗೆ ಹೋಗಿ ಎಲೆ ವಿನಿಮಯ ಮಾಡುವ ಈ ಪದ್ಧತಿಯ ವ್ಯಾಪ್ತಿ ಅವರಿಗೆ ಹೊಸದು. ಆ ಸಂಜೆ ಮನೆಯಲ್ಲಿರದೆ ಊರಿಗೆ ಹೋಗಿಬಿಡುವ ಶಿಕ್ಷಕನ ಬೀಗ ಹಾಕಿದ ಬಾಗಿಲನ್ನು ಮಕ್ಕಳು ನೋಡಿ ಮರಳುತ್ತಾರೆ, ಮತ್ತು ಅದನ್ನು ನೆನಪಿನಲ್ಲಿ ಇಟ್ಟುಕೊಳ್ಳುತ್ತಾರೆ.

ಕಬ್ಬಿನ ಹಂಗಾಮಿನ ಮಾತು ಬೇರೆ. ಹಿಡಕಲ್ಲಿನಲ್ಲಿ ಘಟಪ್ರಭೆಗೆ ಕಟ್ಟಿದ ರಾಜಾ ಲಖಮಗೌಡ ಜಲಾಶಯದ ಮತ್ತು ಅದಕ್ಕೂ ಹಳೆಯದಾದ ಧೂಪದಾಳದ ಅಣೆಯ ನೀರಿನಿಂದ ಈ ತಾಲೂಕುಗಳಲ್ಲಿ ಕಬ್ಬು ಹಬ್ಬಿದೆ. ಸಂಕೇಶ್ವರದ ಹಿರಣ್ಯಕೇಶಿ, ಗೋಕಾಕ ತಾಲೂಕಿನ ಘಟಪ್ರಭಾ ಮೊದಲಾದ ಸಕ್ಕರೆ ಕಾರ್ಖಾನೆಗಳು ಚಳಿಗಾಲದಲ್ಲಿ ನುರಿಸತೊಡಗಿದಾಗ ಕಟಾವಿನ ತಂಡಗಳು, ಇಲ್ಲಿಯವರು ಗ್ಯಾಂಗ್ ಎನ್ನುವವು, ಮಹಾರಾಷ್ಟ್ರದ ಬರದ ಜಿಲ್ಲೆಗಳಿಂದಲೂ ವಿಜಯಪುರದ ಕಡೆಯಿಂದಲೂ ಬಂದು ಹೊಲದ ಬದಿಗೆ ಗುಡಿಸಲು ಹಾಕುತ್ತವೆ. ಅವರೊಡನೆ ಬಂದ ಮಕ್ಕಳು ಎತ್ತುಗಳನ್ನು ಕಾಯುತ್ತ, ತಮ್ಮತಂಗಿಯರನ್ನು ಆಡಿಸುತ್ತ ಶಾಲೆಯ ಗೋಡೆಯ ಆಚೆಗೆ ಇರುತ್ತಾರೆ. ಈ ಮಕ್ಕಳನ್ನು ಮೊದಲು ಗುರುತಿಸಿ ಒಳಗೆ ಕರೆಯುವುದರಲ್ಲಿ ಪರಸ್ಥಳದ ಶಿಕ್ಷಕರಿಗೆ ಒಂದು ವಿಶೇಷ ಅನುಕೂಲವಿದೆ: ಊರಿನವರ ಕಣ್ಣಿಗೆ ವರ್ಷವರ್ಷವೂ ಕಂಡು ಮಾಮೂಲಾದದ್ದು ಅವರ ಕಣ್ಣಿಗೆ ಇನ್ನೂ ಮಾಮೂಲಾಗಿರುವುದಿಲ್ಲ. ಹೊಸ ಕಣ್ಣಿನಷ್ಟೇ ಊರಿನ ಪರಿಚಯವೂ ಮುಖ್ಯ. 2019ರ ಆಗಸ್ಟ್ ತಿಂಗಳಲ್ಲಿ ಘಟಪ್ರಭಾ, ಮಾರ್ಕಂಡೇಯ, ಹಿರಣ್ಯಕೇಶಿ ನದಿಗಳು ಉಕ್ಕಿ, ಲೋಳಸೂರಿನ ಸೇತುವೆ ಮುಳುಗಿ, ಗೋಕಾಕದ ಓಣಿಗಳಿಗೆ ನೀರು ನುಗ್ಗಿದಾಗ ಶಾಲೆಗಳೇ ಕಾಳಜಿ ಕೇಂದ್ರಗಳಾದವು. ಮನೆ ಬಿಟ್ಟು ಬಂದ ಜನರ ನಡುವೆ ಯಾರು ಯಾವ ಓಣಿಯವರು, ಯಾವ ಮನೆಯಲ್ಲಿ ನಡೆಯಲಾರದ ಅಜ್ಜಿ ಉಳಿದಿದ್ದಾಳೆ ಎಂಬುದನ್ನು ಬಲ್ಲ ಶಿಕ್ಷಕರು ಅಂತಹ ಹೊತ್ತಿನಲ್ಲಿ ಎಷ್ಟು ಉಪಯುಕ್ತರೆಂಬುದನ್ನು ವಿವರಿಸಬೇಕಾಗಿಲ್ಲ.

ಹೊರಗಿನ ಶಿಕ್ಷಕರನ್ನು ಸಣ್ಣ ಊರುಗಳಿಗೆ ಕಳುಹಿಸುವ ಬೇರೆ ದೇಶಗಳ ಕ್ರಮವನ್ನು ಇಲ್ಲಿ ಸ್ವಲ್ಪ ಹೋಲಿಸಿ ನೋಡಬಹುದು. ಜಪಾನಿನಲ್ಲಿ 1987ರಿಂದ ಜೆಟ್ ಎಂಬ ಹೆಸರಿನ ಸರ್ಕಾರಿ ಕಾರ್ಯಕ್ರಮವೊಂದು ನಡೆದಿದ್ದು, ಅದರ ಮೂಲಕ ಬಂದ ವಿದೇಶಿ ತರುಣರು ಸಣ್ಣ ಪಟ್ಟಣಗಳ ಶಾಲೆಗಳಲ್ಲಿಯೂ ಸಹಾಯಕ ಭಾಷಾ ಶಿಕ್ಷಕರಾಗಿ ಕೆಲಸ ಮಾಡುತ್ತಾರೆ. ಅವರ ಕರಾರು ಒಂದೊಂದು ವರ್ಷದ್ದು, ಐದು ವರ್ಷಗಳವರೆಗೆ ಮುಂದುವರಿಸಲು ಅವಕಾಶವುಂಟು. ಸ್ಥಳೀಯ ಶಿಕ್ಷಣ ಮಂಡಳಿಯಲ್ಲಿ ಅವರ ಉಸ್ತುವಾರಿಗೆಂದು ಒಬ್ಬರಿರುತ್ತಾರೆ. ಮನೆ ಹುಡುಕುವುದು, ಬ್ಯಾಂಕ್ ಖಾತೆ ತೆರೆಯುವುದು, ಯಾವ ದಿನ ಯಾವ ಬಗೆಯ ಕಸವನ್ನು ಹೊರಗಿಡಬೇಕೆಂದು ತಿಳಿಸುವುದು ಇವೆಲ್ಲಕ್ಕೂ ಆ ವ್ಯಕ್ತಿಯ ನೆರವು ದೊರೆಯುತ್ತದೆ. ಅಲ್ಲಿ ಶಿಕ್ಷಕನ ನಿತ್ಯದ ಬದುಕನ್ನು ಆಡಳಿತವು ತನ್ನ ಹೊಣೆಯೆಂದು ತಿಳಿದಿರುವುದು ಗಮನಿಸತಕ್ಕ ಅಂಶ. ನಮ್ಮಲ್ಲಿ ಹಾಜರಾತಿ ಪತ್ರಕ್ಕೆ ಸಹಿ ಬಿದ್ದೊಡನೆ ಇಲಾಖೆಯ ಹೊಣೆ ಮುಗಿಯುತ್ತದೆ, ಉಳಿದದ್ದು ನೆರೆಹೊರೆಯವರ ಸೌಜನ್ಯಕ್ಕೆ ಬಿಟ್ಟದ್ದು.

ಈ ಸೀಮೆಯವರೂ ಪರದೇಶದಲ್ಲಿ ಅಧ್ಯಾಪಕರಾಗಿ ಬಾಳಿದ್ದುಂಟು. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿ, ಗೋಕಾಕದಲ್ಲಿ ಓದಿದ ಚಂದ್ರಶೇಖರ ಕಂಬಾರರು 1968-69ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ಬೆಳಗಾವಿಯಲ್ಲಿ ಪರಸ್ಥಳದ ಅಧ್ಯಾಪಕರಾಗಿದ್ದ ರಾಮಾನುಜನ್ನರು ಆ ವೇಳೆಗೆ ಅದೇ ವಿಶ್ವವಿದ್ಯಾಲಯದಲ್ಲಿದ್ದರು. ಬಯಲಾಟ, ಲಾವಣಿ, ಗ್ರಾಮದೇವತೆ ಕರಿಮಾಯಿಯ ನಾಡಿನ ಕಥೆಗಳನ್ನು ಕಂಬಾರರು ಎಲ್ಲಿಗೆ ಹೋದರೂ ಬಿಟ್ಟುಕೊಡಲಿಲ್ಲವೆಂಬುದಕ್ಕೆ ಅವರ ಮುಂದಿನ ನಾಟಕ, ಕಾದಂಬರಿಗಳೇ ಸಾಕ್ಷಿ. ಅವರ ಈ ಕೃತಿಗಳನ್ನು ಗೋಕಾವಿ ಸೀಮೆಗೆ ಹೊಸದಾಗಿ ಬರುವ ಶಿಕ್ಷಕರು ಮೊದಲ ರಜೆಯಲ್ಲಿಯೇ ಓದಬೇಕು; ಊರಿನ ಮಾತಿನ ಲಯವನ್ನು ಕಿವಿಗೆ ಹತ್ತಿಸಿಕೊಳ್ಳಲು ಅಷ್ಟು ಒಳ್ಳೆಯ ಸಾಧನ ಬೇರೆ ಇಲ್ಲ. ಅವುಗಳ ಜೊತೆಗೆ ಗೋಕಾಕ ತಾಲೂಕಿನವರೇ ಆದ ಬೆಟಗೇರಿ ಕೃಷ್ಣಶರ್ಮ, ಬಸವರಾಜ ಕಟ್ಟೀಮನಿ ಇವರ ಬರಹಗಳೂ ಶಾಲೆಯ ಗ್ರಂಥಾಲಯದಲ್ಲಿ ಕೈಗೆಟಕುವಂತೆ ಇರಬೇಕು.

ಶಿಕ್ಷಕರ ವರ್ಗಾವಣೆಯನ್ನು ನಿಯಂತ್ರಿಸಲು 2007ರಲ್ಲಿ ಒಂದು ಅಧಿನಿಯಮವೂ ಅದರ ಸ್ಥಾನದಲ್ಲಿ 2020ರಲ್ಲಿ ಮತ್ತೊಂದು ಅಧಿನಿಯಮವೂ ಬಂದವು. ಪಟ್ಟಣದ ಸಾಮೀಪ್ಯವನ್ನು ಹಿಡಿದು ಶಾಲೆಗಳನ್ನು ಎ, ಬಿ, ಸಿ ಎಂಬ ವಲಯಗಳಾಗಿ ವಿಂಗಡಿಸಿ, ಸೇವೆಯ ವರ್ಷಗಳಿಗೆ ಅಂಕಗಳನ್ನು ಕೊಟ್ಟು, ಕೌನ್ಸೆಲಿಂಗ್ ಮೂಲಕ, ಅಂದರೆ ಖಾಲಿ ಸ್ಥಾನಗಳನ್ನು ತೋರಿಸಿ ಸರದಿಯಂತೆ ಆರಿಸಿಕೊಳ್ಳಲು ಬಿಟ್ಟು, ವರ್ಗಾವಣೆಯನ್ನು ನಡೆಸಲಾಗುತ್ತದೆ. ವಶೀಲಿಬಾಜಿಯನ್ನು ತಡೆಯುವ ದೃಷ್ಟಿಯಿಂದ ಇದು ಒಳ್ಳೆಯ ಕ್ರಮ, ವಯಸ್ಸಾದ ತಂದೆತಾಯಿಗಳನ್ನು ಬಿಟ್ಟು ಬಂದವರು ಮರಳಿ ಹೋಗಬಯಸುವುದನ್ನು ಯಾರೂ ಆಕ್ಷೇಪಿಸಲಾರರು. ಆದರೆ ಹೋಗುವವನು ಊರಿನ ಬಗೆಗೆ ಗಳಿಸಿದ ತಿಳಿವಳಿಕೆಯೆಲ್ಲ ಅವನೊಂದಿಗೇ ಹೊರಟುಹೋಗಿ, ಬರುವವನು ಮತ್ತೆ ಮೊದಲಿನಿಂದ ಆರಂಭಿಸಬೇಕಾಗುವುದು ದೊಡ್ಡ ನಷ್ಟ. ಇದನ್ನು ತಡೆಯಲು ಹಣ ಬೇಕಾಗಿಲ್ಲ. ಹಾಜರಿ ಪುಸ್ತಕ, ದಾಸ್ತಾನು ಪುಸ್ತಕಗಳ ಪ್ರಭಾರವನ್ನು ಒಪ್ಪಿಸುವಾಗ ಊರಿನ ವಿಷಯದ ಒಂದು ವಹಿಯನ್ನೂ ಒಪ್ಪಿಸುವ ಪದ್ಧತಿಯನ್ನು ಶಾಲೆಗಳು ತಾವಾಗಿಯೇ ಆರಂಭಿಸಬಹುದು: ಬಾಡಿಗೆ ಕೊಡುವ ಮನೆಗಳು, ಸಂತೆಯ ದಿನ, ಜಾತ್ರೆಯ ತಿಂಗಳು, ಮಳೆಗಾಲದಲ್ಲಿ ದಾರಿ ಕಡಿಯುವ ಹಳ್ಳಗಳು, ಕಟಾವಿನ ತಂಡಗಳು ಬಿಡಾರ ಹೂಡುವ ಹೊಲಗಳು, ಮನೆಯಲ್ಲಿ ಕನ್ನಡವಲ್ಲದ ಮಾತನ್ನಾಡುವ ಮಕ್ಕಳು, ಸಂತೆಯಲ್ಲಿ ಅಂಗಡಿ ಹಚ್ಚುವ ಪಾಲಕರು, ಬಯಲಾಟ ಬಲ್ಲ ಹಿರಿಯರು. ಪ್ರತಿ ಶಿಕ್ಷಕನೂ ತಾನಿರುವಷ್ಟು ಕಾಲ ಅದರಲ್ಲಿ ಬರೆಯುತ್ತ ಹೋದರೆ, ಜೂನ್ ತಿಂಗಳಲ್ಲಿ ಹಾಸನದಿಂದಲೋ ಚಿತ್ರದುರ್ಗದಿಂದಲೋ ಬಂದಿಳಿಯುವ ಹೊಸ ಶಿಕ್ಷಕಿಗೆ ಶಾಲೆ ಆರಂಭವಾದ ಮೊದಲ ವಾರದಲ್ಲಿಯೇ ಅದು ಕೈಗೆ ಸಿಗುತ್ತದೆ.